ಅಮೆರಿಕದ ಜಲಶಕ್ತಿ ತಂತ್ರಜ್ಞಾನ ಕಚೇರಿ

ನದಿ ಮತ್ತು ಕಡಲಿನ ನೀರಿನಿಂದ ವಿದ್ಯುತ್ ಪಡೆಯುವ ತಂತ್ರಜ್ಞಾನಗಳ ಸಂಶೋಧನೆ, ಪರೀಕ್ಷೆ ಹಾಗೂ ಪ್ರಾತ್ಯಕ್ಷಿಕೆಗೆ ನೆರವು ನೀಡಲು ಅಮೆರಿಕ ಸಂಯುಕ್ತ ಸಂಸ್ಥಾನದ ಇಂಧನ ಇಲಾಖೆ ರಚಿಸಿಕೊಂಡ ಕಚೇರಿ. ಇಂಗ್ಲಿಷಿನಲ್ಲಿ ಇದರ ಹೆಸರು ವಾಟರ್ ಪವರ್ ಟೆಕ್ನಾಲಜೀಸ್ ಆಫೀಸ್, ಚಿಕ್ಕದಾಗಿ ಡಬ್ಲ್ಯುಪಿಟಿಒ. ಇಲಾಖೆಯ ಇಂಧನ ದಕ್ಷತೆ ಮತ್ತು ನವೀಕರಿಸಬಹುದಾದ ಇಂಧನ ವಿಭಾಗದಡಿ ಬೆಳೆದ ಈ ಕಚೇರಿಗೆ ಎರಡು ಕಾರ್ಯಕ್ರಮಗಳಿವೆ: ಜಲವಿದ್ಯುತ್ ಮತ್ತು ಸಾಗರ ಶಕ್ತಿ. ಮೊದಲನೆಯದು ನೂರನಲವತ್ತು ವರ್ಷ ದಾಟಿದ ಉದ್ಯಮ, ಎರಡನೆಯದು ಇನ್ನೂ ಮಾರುಕಟ್ಟೆ ಕಾಣದ ಪ್ರಯೋಗ. ಹಳೆಯದಕ್ಕೆ ಬೇಕಾದದ್ದು ನವೀಕರಣ ಮತ್ತು ನದಿಯೊಂದಿಗೆ ರಾಜಿ; ಹೊಸದಕ್ಕೆ ಬೇಕಾದದ್ದು ಸೋತು ಕಲಿಯಲು ಒಂದು ಜಾಗ. ಕಚೇರಿಯ ಚಟುವಟಿಕೆಗಳೆಲ್ಲ ಈ ಎರಡು ಅಗತ್ಯಗಳ ಸುತ್ತ ರೂಪುಗೊಂಡಿವೆ.

ಸ್ಥಾನ ಮತ್ತು ಅಧಿಕಾರದ ಮಿತಿ

ಈ ಕಚೇರಿಗೆ ಸ್ವಂತ ಅಣೆಕಟ್ಟಿಲ್ಲ, ವಿದ್ಯುದಾಗಾರವಿಲ್ಲ, ಪರವಾನಗಿ ಕೊಡುವ ಅಧಿಕಾರವೂ ಇಲ್ಲ. ದೇಶದ ಜಲವಿದ್ಯುತ್ ಸಾಮರ್ಥ್ಯದ ಸುಮಾರು ಅರ್ಧ ಭಾಗ ಸೇನೆಯ ಎಂಜಿನಿಯರ್ ದಳ, ಬ್ಯೂರೋ ಆಫ್ ರೆಕ್ಲಮೇಷನ್ ಮತ್ತು ಟೆನ್ನೆಸಿ ಕಣಿವೆ ಪ್ರಾಧಿಕಾರ ಎಂಬ ಮೂರು ಸರ್ಕಾರಿ ಸಂಸ್ಥೆಗಳ ಕೈಯಲ್ಲಿದೆ. ಉಳಿದದ್ದು ಖಾಸಗಿ ಕಂಪನಿಗಳು, ನಗರಾಡಳಿತಗಳು ಮತ್ತು ಸ್ಥಳೀಯ ವಿದ್ಯುತ್ ಮಂಡಳಿಗಳದು. ಕೇಂದ್ರ ಸರ್ಕಾರದ ಒಡೆತನದಲ್ಲಿಲ್ಲದ ಯೋಜನೆಗಳಿಗೆ ಫೆಡರಲ್ ಎನರ್ಜಿ ರೆಗ್ಯುಲೇಟರಿ ಕಮಿಷನ್ ಪರವಾನಗಿ ನೀಡುತ್ತದೆ. ಈ ಪದ್ಧತಿಯ ಮೂಲ 1920ರ ಫೆಡರಲ್ ಜಲಶಕ್ತಿ ಕಾಯ್ದೆ. ಪರವಾನಗಿಯ ಅವಧಿ 30ರಿಂದ 50 ವರ್ಷ. ಕರಾವಳಿಯಿಂದ ದೂರದ ಕಡಲತಳವನ್ನು ಗುತ್ತಿಗೆಗೆ ಕೊಡುವುದು ಒಳಾಡಳಿತ ಇಲಾಖೆಯ ಸಾಗರ ಇಂಧನ ಆಡಳಿತ ಬ್ಯೂರೋ. ಮೀನು, ತಿಮಿಂಗಿಲ, ಕಡಲ ಹಕ್ಕಿಗಳ ರಕ್ಷಣೆಗೆ ಬೇರೆ ಬೇರೆ ಸಂಸ್ಥೆಗಳಿವೆ.

ಇಷ್ಟೆಲ್ಲ ಅಧಿಕಾರಿಗಳ ನಡುವೆ ಈ ಕಚೇರಿಯ ಪಾಲಿಗೆ ಬಂದಿರುವುದು ಅನುದಾನ ಮತ್ತು ಮಾಹಿತಿ. ಸ್ಪರ್ಧಾತ್ಮಕ ಅರ್ಜಿ ಕರೆದು ಕಂಪನಿಗಳಿಗೂ ವಿಶ್ವವಿದ್ಯಾನಿಲಯಗಳಿಗೂ ಹಣ ಕೊಡುವುದು, ರಾಷ್ಟ್ರೀಯ ಪ್ರಯೋಗಾಲಯಗಳಿಗೆ ಕೆಲಸ ಒಪ್ಪಿಸುವುದು, ಬಹುಮಾನ ಸ್ಪರ್ಧೆ ನಡೆಸುವುದು, ಅಂಕಿಅಂಶ ಕಲೆಹಾಕಿ ಎಲ್ಲರಿಗೂ ಮುಕ್ತವಾಗಿ ಒದಗಿಸುವುದು ಇದರ ಮುಖ್ಯ ಮಾರ್ಗಗಳು. ಅಣೆಕಟ್ಟುಗಳ ಸಮೀಕ್ಷೆಯನ್ನು ಟೆನ್ನೆಸಿಯ ಓಕ್ ರಿಜ್, ಮೀನು ಮತ್ತು ಕಡಲ ಪರಿಸರದ ಅಧ್ಯಯನವನ್ನು ವಾಷಿಂಗ್ಟನ್ ರಾಜ್ಯದ ಪೆಸಿಫಿಕ್ ನಾರ್ತ್‌ವೆಸ್ಟ್, ಅಲೆಯಂತ್ರಗಳ ವಿನ್ಯಾಸದ ಕೆಲಸವನ್ನು ಕೊಲರಾಡೊದ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ ಮತ್ತು ನ್ಯೂ ಮೆಕ್ಸಿಕೊದ ಸ್ಯಾಂಡಿಯಾ ಹೆಚ್ಚಾಗಿ ನೋಡಿಕೊಳ್ಳುತ್ತ ಬಂದಿವೆ. ಐಡಹೊ ಮತ್ತು ಆರ್ಗಾನ್ ಪ್ರಯೋಗಾಲಯಗಳು ಗ್ರಿಡ್ ಹಾಗೂ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ವಿದ್ಯುತ್ತನ್ನು ಕೂಡಿಡುವ ವಿಧಾನ) ಅಧ್ಯಯನದಲ್ಲಿ ತೊಡಗಿವೆ.

ಇತಿಹಾಸ

ಅಮೆರಿಕದಲ್ಲಿ ಜಲವಿದ್ಯುತ್ತಿನ ಆರಂಭವನ್ನು ಸಾಮಾನ್ಯವಾಗಿ 1882ರಲ್ಲಿ ವಿಸ್ಕಾನ್ಸಿನ್‌ನ ಆಪಲ್ಟನ್‌ನಲ್ಲಿ ನಡೆದ ಚಿಕ್ಕ ಸ್ಥಾವರದಿಂದ ಎಣಿಸುತ್ತಾರೆ. 1940ರ ದಶಕದ ಹೊತ್ತಿಗೆ ದೇಶದ ವಿದ್ಯುತ್ತಿನಲ್ಲಿ ನೀರಿನ ಪಾಲು ಮೂರನೆಯ ಒಂದು ಭಾಗವನ್ನೂ ಮೀರಿತ್ತು. ಕಲ್ಲಿದ್ದಲು, ಅನಿಲ, ಅಣುಸ್ಥಾವರಗಳು ಬೆಳೆದಂತೆ ಆ ಪಾಲು ಕುಗ್ಗುತ್ತ ಬಂದು ಈಗ ಸುಮಾರು ಶೇ. 6ಕ್ಕೆ ನಿಂತಿದೆ. ದೊಡ್ಡ ಅಣೆಕಟ್ಟುಗಳ ಯುಗ 1970ರ ದಶಕದಲ್ಲಿ ಬಹುಮಟ್ಟಿಗೆ ಮುಗಿಯಿತು.

ಅದೇ ದಶಕದ ತೈಲ ಬಿಕ್ಕಟ್ಟು ಸರ್ಕಾರದ ಗಮನವನ್ನು ಸಣ್ಣ ಜಲವಿದ್ಯುತ್ತಿನತ್ತ ತಿರುಗಿಸಿತು. 1977ರಲ್ಲಿ ಇಂಧನ ಇಲಾಖೆ ಹುಟ್ಟಿದಾಗ ಜಲವಿದ್ಯುತ್ ಸಂಶೋಧನೆಯೂ ಅದರ ತೆಕ್ಕೆಗೆ ಬಂತು. ತೈಲದ ಬೆಲೆ ಇಳಿದ ಮೇಲೆ ಆಸಕ್ತಿಯೂ ಇಳಿಯಿತು. 1990ರ ದಶಕದಲ್ಲಿ ಚಿಂತೆಯ ದಿಕ್ಕೇ ಬದಲಾಯಿತು: ಕೊಲಂಬಿಯ ನದಿಯ ಸಾಲ್ಮನ್ ಮೀನುಗಳು ಅಣೆಕಟ್ಟುಗಳ ಸರಣಿಯಲ್ಲಿ ಸಿಕ್ಕಿ ಕ್ಷೀಣಿಸುತ್ತಿದ್ದವು, ಹಳೆಯ ಪರವಾನಗಿಗಳ ನವೀಕರಣ ಹತ್ತಿರ ಬಂದಿತ್ತು. 1994ರಲ್ಲಿ ಇಲಾಖೆ ಉದ್ಯಮದ ಜೊತೆಗೂಡಿ ಮೀನಿಗೆ ಕಡಿಮೆ ಹಾನಿ ಮಾಡುವ ಸುಧಾರಿತ ಟರ್ಬೈನ್‌ಗಳ ಕಾರ್ಯಕ್ರಮ ಆರಂಭಿಸಿತು.

ಆ ಕೆಲಸವೂ ಅಡೆತಡೆಯಿಲ್ಲದೆ ಸಾಗಲಿಲ್ಲ. 2006ರ ಆರ್ಥಿಕ ವರ್ಷದಲ್ಲಿ ಜಲವಿದ್ಯುತ್ ಕಾರ್ಯಕ್ರಮವನ್ನು ಮುಚ್ಚುವ ಹಂತಕ್ಕೆ ತರಲಾಯಿತು. 2007ರ ಇಂಧನ ಸ್ವಾತಂತ್ರ್ಯ ಮತ್ತು ಭದ್ರತಾ ಕಾಯ್ದೆ ಅಲೆ, ಉಬ್ಬರವಿಳಿತ, ನದಿಯೋಟಗಳಿಂದ ಶಕ್ತಿ ಪಡೆಯುವ ಸಂಶೋಧನೆಗೆ ಆದೇಶ ನೀಡಿದ ಮೇಲೆ, 2008ರಲ್ಲಿ ಸುಮಾರು 1 ಕೋಟಿ ಡಾಲರ್ ಅನುದಾನದೊಂದಿಗೆ ಕಾರ್ಯಕ್ರಮ ಮತ್ತೆ ಜೀವ ಪಡೆಯಿತು. ಕೆಲವು ವರ್ಷ ಪವನಶಕ್ತಿಯೊಂದಿಗೆ ಒಂದೇ ಕಚೇರಿಯಲ್ಲಿ ನಡೆದು, 2010ರ ದಶಕದ ಉತ್ತರಾರ್ಧದಲ್ಲಿ ಪ್ರತ್ಯೇಕ ಕಚೇರಿಯಾಯಿತು. ಅನುದಾನ 2023ರಲ್ಲಿ 17.9 ಕೋಟಿ, 2024ರಲ್ಲಿ 20 ಕೋಟಿ ಡಾಲರ್ ಮುಟ್ಟಿತು. 2025ರ ಕೊನೆಯಲ್ಲಿ ಇಂಧನ ಇಲಾಖೆ ತನ್ನ ಒಳರಚನೆಯನ್ನೇ ಬದಲಿಸಿದಾಗ ಮಾತೃ ವಿಭಾಗ ಹಳೆಯ ಹೆಸರಿನಲ್ಲಿ ಉಳಿಯಲಿಲ್ಲ.

ಜಲವಿದ್ಯುತ್ ಕಾರ್ಯಕ್ರಮ

ದೇಶದಲ್ಲಿ ಸುಮಾರು 80,000 ಮೆಗಾವಾಟ್ ಸಾಂಪ್ರದಾಯಿಕ ಜಲವಿದ್ಯುತ್ ಸಾಮರ್ಥ್ಯ, 22,000 ಮೆಗಾವಾಟ್‌ನಷ್ಟು ಪಂಪ್ಡ್ ಸ್ಟೋರೇಜ್ ಸಾಮರ್ಥ್ಯ ಇದೆ. ಸ್ಥಾವರಗಳ ಸಂಖ್ಯೆ 2,200ಕ್ಕೂ ಹೆಚ್ಚು. 2016ರ ಜುಲೈನಲ್ಲಿ ಹೊರಬಂದ ‘ಹೈಡ್ರೊಪವರ್ ವಿಷನ್’ ವರದಿ 2050ರೊಳಗೆ ಈ ಮೊತ್ತವನ್ನು ಸುಮಾರು 1,50,000 ಮೆಗಾವಾಟ್‌ಗೆ ಏರಿಸಲು ಸಾಧ್ಯವೆಂದು ಅಂದಾಜಿಸಿತು. ಈ ಹೆಚ್ಚಳದಲ್ಲಿ ಹೊಸ ಅಣೆಕಟ್ಟುಗಳ ಪಾಲು ತೀರ ಚಿಕ್ಕದು. 36,000 ಮೆಗಾವಾಟ್‌ನಷ್ಟು ಪಂಪ್ಡ್ ಸ್ಟೋರೇಜ್‌ನಿಂದ, ಉಳಿದ 13,000ದಲ್ಲಿ ಬಹುಪಾಲು ಹಳೆಯ ಸ್ಥಾವರಗಳ ಸುಧಾರಣೆ ಮತ್ತು ಈಗಾಗಲೇ ನಿಂತಿರುವ ಅಣೆಕಟ್ಟುಗಳಿಂದ ಬರಬೇಕು ಎಂಬುದು ಅದರ ಲೆಕ್ಕ.

ವಿದ್ಯುತ್ ಇಲ್ಲದ ಅಣೆಕಟ್ಟುಗಳು: ಅಮೆರಿಕದ ರಾಷ್ಟ್ರೀಯ ಪಟ್ಟಿಯಲ್ಲಿ 90,000ಕ್ಕೂ ಹೆಚ್ಚು ಅಣೆಕಟ್ಟುಗಳಿವೆ. ಇವುಗಳಲ್ಲಿ ವಿದ್ಯುತ್ ಉತ್ಪಾದಿಸುವಂಥವು ನೂರಕ್ಕೆ ಮೂರೂ ಇಲ್ಲ. ಉಳಿದವು ನೀರಾವರಿ, ಪ್ರವಾಹ ನಿಯಂತ್ರಣ, ಕುಡಿಯುವ ನೀರು ಅಥವಾ ನೌಕಾಯಾನಕ್ಕಾಗಿ ಕಟ್ಟಿದವು. ಕಚೇರಿಯ ನೆರವಿನಿಂದ ಓಕ್ ರಿಜ್ ಪ್ರಯೋಗಾಲಯ 2012ರಲ್ಲಿ ಇಂಥ 54,000ಕ್ಕೂ ಹೆಚ್ಚು ಕಟ್ಟೆಗಳನ್ನು ಪರಿಶೀಲಿಸಿ, ಒಟ್ಟು 12,000 ಮೆಗಾವಾಟ್ ಸಾಧ್ಯತೆಯನ್ನು ಗುರುತಿಸಿತು. ಅದರಲ್ಲಿ ಸುಮಾರು 8,000 ಮೆಗಾವಾಟ್ ಕೇವಲ ನೂರು ಕಟ್ಟೆಗಳಲ್ಲೇ ಅಡಗಿತ್ತು. ಇದು ಕಾಗದದ ಮೇಲಿನ ಲೆಕ್ಕವಷ್ಟೇ ಅಲ್ಲವೆಂಬುದಕ್ಕೆ ಅಯೊವಾದ ರೆಡ್ ರಾಕ್ ಅಣೆಕಟ್ಟು ಉದಾಹರಣೆ. 1969ರಲ್ಲಿ ಪ್ರವಾಹ ತಡೆಗಾಗಿ ಪೂರ್ಣಗೊಂಡ ಆ ಕಟ್ಟೆಗೆ ಅರ್ಧ ಶತಮಾನದ ಬಳಿಕ 36 ಮೆಗಾವಾಟ್‌ನ ವಿದ್ಯುದಾಗಾರವೊಂದು ಸೇರಿಕೊಂಡಿತು. ಆದರೆ ನಿಂತ ಕಟ್ಟೆಗೆ ಯಂತ್ರ ಕೂರಿಸುವುದು ಅಗ್ಗವೂ ಅಲ್ಲ, ಬೇಗ ಮುಗಿಯುವಂಥದ್ದೂ ಅಲ್ಲ. ಪರವಾನಗಿ, ಪರಿಸರ ಅಧ್ಯಯನ, ಕಟ್ಟೆಯನ್ನು ಕೊರೆಯದೆ ಪಕ್ಕದಲ್ಲಿ ಕಾಲುವೆ ತೋಡುವ ಸಿವಿಲ್ ಕಾಮಗಾರಿ ಸೇರಿ ಖರ್ಚಿನ ಬಹುಭಾಗ ಯಂತ್ರದ ಆಚೆಗೇ ಹೋಗುತ್ತದೆ. ಎಲ್ಲೆಡೆ ಒಂದೇ ಅಳತೆಗೆ ಹೊಂದುವ ಜೋಡಣೆ ಘಟಕಗಳ ಸಂಶೋಧನೆಗೆ ಕಚೇರಿ ಹಣ ಕೊಟ್ಟಿರುವುದು ಈ ಕಾರಣಕ್ಕೆ.

ಮೀನು ಮತ್ತು ಟರ್ಬೈನ್: ಟರ್ಬೈನಿನ ಮೂಲಕ ಹಾಯುವ ಮೀನಿಗೆ ಅಪಾಯ ಬ್ಲೇಡಿನ ಏಟಿನಿಂದ ಮಾತ್ರ ಬರುವುದಿಲ್ಲ. ಆಳದ ಒತ್ತಡದಿಂದ ಕ್ಷಣಾರ್ಧದಲ್ಲಿ ಕಡಿಮೆ ಒತ್ತಡಕ್ಕೆ ಬಂದಾಗ ಅದರ ಗಾಳಿಚೀಲ ಹಿಗ್ಗಿ ಒಡೆಯಬಹುದು. ಪಕ್ಕಪಕ್ಕದ ಎರಡು ನೀರಿನ ಪದರಗಳ ವೇಗದ ವ್ಯತ್ಯಾಸ ಅದರ ಕಿವಿರುಗಳನ್ನು ಹರಿಯಬಹುದು. ಒಳಗೆ ನಿಜವಾಗಿ ಏನಾಗುತ್ತದೆಂದು ತಿಳಿಯಲು ಪೆಸಿಫಿಕ್ ನಾರ್ತ್‌ವೆಸ್ಟ್ ಪ್ರಯೋಗಾಲಯ ‘ಸೆನ್ಸರ್ ಫಿಶ್’ ಎಂಬ ಉಪಕರಣವನ್ನು ರೂಪಿಸಿತು. ಸುಮಾರು 9 ಸೆಂಟಿಮೀಟರ್ ಉದ್ದ, 2.5 ಸೆಂಟಿಮೀಟರ್ ದಪ್ಪ, 42 ಗ್ರಾಂ ತೂಕದ ಈ ಪ್ಲಾಸ್ಟಿಕ್ ಕೊಳವೆ ಗಾತ್ರದಲ್ಲಿ ಎಳೆಯ ಸಾಲ್ಮನ್‌ಗೆ ಸಮ. ನೀರಿನಲ್ಲಿ ಮುಳುಗದೆ ತೇಲದೆ ಸಾಗುತ್ತ ಒತ್ತಡ, ವೇಗೋತ್ಕರ್ಷ, ಸುತ್ತುವಿಕೆಗಳನ್ನು ಸೆಕೆಂಡಿಗೆ 2,048 ಬಾರಿ ದಾಖಲಿಸುತ್ತದೆ. ಕೆಳಹೊಳೆಯಲ್ಲಿ ಮೇಲೆದ್ದಾಗ ಅದನ್ನು ಹಿಡಿದು ದಾಖಲೆ ಓದಿದರೆ, ಮೀನಿಗೆ ಯಾವ ಜಾಗದಲ್ಲಿ ಏಟು ಬಿದ್ದೀತು, ಎಲ್ಲಿ ಒತ್ತಡ ಕುಸಿಯಿತು ಎಂಬುದು ಗೊತ್ತಾಗುತ್ತದೆ.

ಇಂಥ ಮಾಹಿತಿ ಟರ್ಬೈನ್ ವಿನ್ಯಾಸವನ್ನು ಬದಲಿಸಿದೆ. 1990ರ ದಶಕದ ಕಾರ್ಯಕ್ರಮದಲ್ಲಿ ಮಸಾಚುಸೆಟ್ಸ್‌ನ ಆಲ್ಡನ್ ಸಂಶೋಧನಾಲಯ ಮೂರೇ ಬ್ಲೇಡುಗಳ, ನಿಧಾನವಾಗಿ ಸುತ್ತುವ ಟರ್ಬೈನನ್ನು ರೂಪಿಸಿತು. ಬ್ಲೇಡು ಮತ್ತು ಕವಚದ ನಡುವಿನ ಸಂದಿಯನ್ನು ಕಿರಿದಾಗಿಸಿದ ಕಪ್ಲಾನ್ ಟರ್ಬೈನ್‌ಗಳು ಕೊಲಂಬಿಯ ನದಿಯ ಬಾನ್‌ವಿಲ್ ಅಣೆಕಟ್ಟಿನಲ್ಲಿ ಪರೀಕ್ಷೆಗೆ ಒಳಪಟ್ಟವು. ಅದೇ ನದಿಯ ವಾನಪಮ್ ಅಣೆಕಟ್ಟಿನಲ್ಲಿ ಹಳೆಯ ಟರ್ಬೈನ್‌ಗಳ ಜಾಗಕ್ಕೆ ಸುಧಾರಿತ ಯಂತ್ರಗಳು ಬಂದವು. ಇತ್ತೀಚೆಗೆ ನೇಟೆಲ್ ಎನರ್ಜಿ ಕಂಪನಿ ದಪ್ಪ ಅಂಚಿನ, ಮುಂದಕ್ಕೆ ವಾಲಿದ ಬ್ಲೇಡುಗಳ ಟರ್ಬೈನ್ ತಯಾರಿಸಿದೆ. ಬ್ಲೇಡಿನ ಮೂಗು ದಪ್ಪವಾದಷ್ಟೂ ಅದರ ಮುಂದಿನ ನೀರೇ ಮೀನನ್ನು ಪಕ್ಕಕ್ಕೆ ತಳ್ಳುತ್ತದೆ. ಉದ್ದನೆಯ ಹಾವುಮೀನುಗಳ ಮೇಲೂ ಈ ವಿನ್ಯಾಸವನ್ನು ಪರೀಕ್ಷಿಸಲಾಗಿದೆ.

ಗ್ರಿಡ್‌ಗೆ ಆಸರೆ: ಗಾಳಿ ಮತ್ತು ಬಿಸಿಲಿನ ವಿದ್ಯುತ್ ಹೆಚ್ಚಿದಂತೆ ಜಲವಿದ್ಯುತ್ತಿನ ಪಾತ್ರ ಬದಲಾಗುತ್ತಿದೆ. ದಿನವಿಡೀ ಒಂದೇ ಸಮನೆ ಓಡುವ ಬದಲು, ಬೇಡಿಕೆ ಏರಿದಾಗ ತಟ್ಟನೆ ಎದ್ದು ಇಳಿದಾಗ ನಿಲ್ಲುವುದು ಅದರ ಹೊಸ ಕೆಲಸ. ಇಂಥ ಓಟ ಯಂತ್ರವನ್ನು ಎಷ್ಟು ಸವೆಸುತ್ತದೆ, ಈ ಸೇವೆಗೆ ಮಾರುಕಟ್ಟೆ ಸರಿಯಾದ ಬೆಲೆ ಕೊಡುತ್ತಿದೆಯೇ ಎಂಬ ಪ್ರಶ್ನೆಗಳಿಗಾಗಿ ಕಚೇರಿ 2019ರಲ್ಲಿ ‘ಹೈಡ್ರೊವೈರ್ಸ್’ ಎಂಬ ಉಪಕ್ರಮ ಆರಂಭಿಸಿತು. ಐಡಹೊ ಪ್ರಯೋಗಾಲಯ ಅಲ್ಲಿನ ನಗರ ವಿದ್ಯುತ್ ಸಂಸ್ಥೆಯೊಂದಿಗೆ ನಡೆಸಿದ ಪ್ರಯೋಗದಲ್ಲಿ, ಹೊರಗಿನ ಗ್ರಿಡ್ ಪೂರ್ತಿ ಬಿದ್ದಾಗ ಪುಟ್ಟ ಜಲಸ್ಥಾವರಗಳು ತಾವೇ ಎದ್ದು ನಗರಕ್ಕೆ ವಿದ್ಯುತ್ ಕೊಡಬಲ್ಲವೇ ಎಂದು ಪರೀಕ್ಷಿಸಲಾಯಿತು. ಪಂಪ್ಡ್ ಸ್ಟೋರೇಜ್ ಕುರಿತೂ ಇಂಥದೇ ಅಧ್ಯಯನಗಳಿವೆ. ವಿದ್ಯುತ್ ಅಗ್ಗವಿದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಬೇಡಿಕೆಯ ಹೊತ್ತಿಗೆ ಇಳಿಬಿಡುವ ಈ ಸ್ಥಾವರಗಳಲ್ಲಿ ಹೆಚ್ಚಿನವು 1960ರಿಂದ 1980ರ ದಶಕಗಳ ನಡುವೆ ಕಟ್ಟಿದವು. ವರ್ಜೀನಿಯದ ಬಾತ್ ಕೌಂಟಿ ಸ್ಥಾವರ 3,000 ಮೆಗಾವಾಟ್‌ನದು. ಹೊಸದರ ಕಾಮಗಾರಿಗೆ ದೊಡ್ಡ ಬಂಡವಾಳ ಬೇಕು, ಆದಾಯ ಬರುವುದು ಹತ್ತಾರು ವರ್ಷದ ಮೇಲೆ. ಆದ್ದರಿಂದ ನದಿಗೆ ತಾಗದ ಎರಡು ಕೃತಕ ಕೆರೆಗಳ ನಡುವೆ ನೀರು ಸುತ್ತಾಡುವ ವಿನ್ಯಾಸಗಳತ್ತ ಸಂಶೋಧನೆ ವಾಲಿದೆ.

ಸಾಗರ ಶಕ್ತಿ ಕಾರ್ಯಕ್ರಮ

ಅಲೆ, ಉಬ್ಬರವಿಳಿತ, ಸಾಗರ ಪ್ರವಾಹ, ಕಟ್ಟೆಯಿಲ್ಲದ ನದಿಯ ಓಟ, ಮೇಲ್ಮೈ ಮತ್ತು ಆಳದ ನೀರಿನ ಉಷ್ಣತೆಯ ವ್ಯತ್ಯಾಸ ಎಲ್ಲವೂ ಈ ಕಾರ್ಯಕ್ರಮದ ವ್ಯಾಪ್ತಿಗೆ ಬರುತ್ತವೆ. 2021ರ ಒಂದು ಅಂದಾಜಿನ ಪ್ರಕಾರ ಅಮೆರಿಕದ ಸಾಗರ ಶಕ್ತಿಯ ತಾಂತ್ರಿಕ ಸಾಧ್ಯತೆ ವರ್ಷಕ್ಕೆ 2,300 ಶತಕೋಟಿ ಯೂನಿಟ್. ಇದು 2019ರಲ್ಲಿ ದೇಶ ಉತ್ಪಾದಿಸಿದ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು. ಅದರಲ್ಲಿ ಕೈಗೆ ಸಿಕ್ಕಿರುವುದು ಇಲ್ಲವೆಂಬಷ್ಟು ಕಡಿಮೆ. ಕಡಲ ನೀರು ಗಾಳಿಗಿಂತ 800 ಪಟ್ಟು ಸಾಂದ್ರವಾದದ್ದು. ನಿಧಾನ ಹರಿವಿನಲ್ಲೂ ಹೆಚ್ಚು ಶಕ್ತಿ ಇರುವುದು ಇದರಿಂದಲೇ; ಬಿರುಗಾಳಿಯ ದಿನ ಯಂತ್ರವನ್ನು ಒಡೆದುಹಾಕುವುದೂ ಇದರಿಂದಲೇ. ಉಪ್ಪು, ತುಕ್ಕು, ಚಿಪ್ಪುಜೀವಿಗಳ ಪದರ, ದುರಸ್ತಿಗೆ ಹಡಗು ಹೋಗಲು ಶಾಂತ ಕಡಲಿಗಾಗಿ ಕಾಯಬೇಕಾದ ಸ್ಥಿತಿ ಸೇರಿ ಖರ್ಚನ್ನು ಏರಿಸುತ್ತವೆ. ಗಾಳಿಯಂತ್ರ ಮೂರು ರೆಕ್ಕೆಯ ರೂಪಕ್ಕೆ ಬಂದು ನಿಂತಂತೆ ಅಲೆಯಂತ್ರ ಇನ್ನೂ ಒಂದು ರೂಪಕ್ಕೆ ಬಂದಿಲ್ಲ. ತೇಲುವ ಗುಂಡು, ಕೀಲುಗಳಿರುವ ಉದ್ದನೆಯ ದೇಹ, ಗಾಳಿಯನ್ನು ಒತ್ತುವ ಟೊಳ್ಳು ಕೋಣೆ ಎಲ್ಲವೂ ಕಣದಲ್ಲಿವೆ.

ಬಹುಮಾನ ಸ್ಪರ್ಧೆ: ಇಷ್ಟು ವಿನ್ಯಾಸಗಳನ್ನು ಒಂದೇ ಅಳತೆಗೋಲಿನಿಂದ ಹೋಲಿಸಲು ಕಚೇರಿ 2015ರಲ್ಲಿ ‘ವೇವ್ ಎನರ್ಜಿ ಪ್ರೈಜ್’ ಘೋಷಿಸಿತು. ಹೆಸರು ನೋಂದಾಯಿಸಿದ ತಂಡಗಳು 92. ಅಂತಿಮ ಹಂತ ಮುಟ್ಟಿದ್ದು ಒಂಬತ್ತು. ಆ ಒಂಬತ್ತು ತಂಡಗಳು ನಿಜ ಗಾತ್ರದ ಇಪ್ಪತ್ತರಲ್ಲಿ ಒಂದು ಪಾಲಿನ ಮಾದರಿಗಳನ್ನು ಮೇರಿಲ್ಯಾಂಡಿನ ಕಾರ್ಡರಾಕ್‌ನಲ್ಲಿರುವ ನೌಕಾಪಡೆಯ ಪರೀಕ್ಷಾ ಕೊಳಕ್ಕೆ ಇಳಿಸಿದವು. ಸುಮಾರು 110 ಮೀಟರ್ ಉದ್ದ, 73 ಮೀಟರ್ ಅಗಲದ ಆ ಕೊಳದ ಅಂಚಿನಲ್ಲಿ 216 ಹಲಗೆಗಳು ಕಂಪ್ಯೂಟರಿನ ಆಜ್ಞೆಯಂತೆ ಹಿಂದುಮುಂದಾಗುತ್ತ ಬೇಕಾದ ಕಡಲಿನ ಅಲೆಯನ್ನು ಎಬ್ಬಿಸುತ್ತವೆ. ಯಂತ್ರ ಹಿಡಿದ ಶಕ್ತಿಗೂ ಅದರ ರಚನೆಗೆ ತಗಲುವ ವೆಚ್ಚಕ್ಕೂ ಇರುವ ಅನುಪಾತವನ್ನು ಕನಿಷ್ಠ ಇಮ್ಮಡಿಗೊಳಿಸಬೇಕೆಂಬುದು ಪಂದ್ಯದ ಷರತ್ತು. 2016ರ ನವೆಂಬರಿನಲ್ಲಿ ಒರೆಗಾನ್‌ನ ಪುಟ್ಟ ತಂಡ ಆಕ್ವಾಹಾರ್ಮಾನಿಕ್ಸ್ ಅದನ್ನು ಐದು ಪಟ್ಟಿನಷ್ಟು ಏರಿಸಿ 15 ಲಕ್ಷ ಡಾಲರ್ ಗೆದ್ದಿತು. ಎರಡನೆಯ ಸ್ಥಾನ ಪಡೆದ ಕ್ಯಾಲ್‌ವೇವ್ 2021ರ ಸೆಪ್ಟೆಂಬರಿನಿಂದ ಸ್ಯಾನ್ ಡಿಯಾಗೊ ಕರಾವಳಿಯಲ್ಲಿ ತನ್ನ ಮುಳುಗುಯಂತ್ರವನ್ನು ಹತ್ತು ತಿಂಗಳು ಓಡಿಸಿತು. ಅಲೆಯ ಬಲದಿಂದಲೇ ಕಡಲ ನೀರನ್ನು ಸಿಹಿನೀರಾಗಿಸುವ ಇನ್ನೊಂದು ಸ್ಪರ್ಧೆಯ ಅಂತಿಮ ಸುತ್ತು 2022ರ ಏಪ್ರಿಲ್‌ನಲ್ಲಿ ನಾರ್ತ್ ಕ್ಯಾರೊಲಿನದ ಜೆನೆಟ್ಸ್ ಪಿಯರ್‌ನಲ್ಲಿ ನಡೆಯಿತು. ಗೆದ್ದದ್ದು ಕೆನಡಾದ ಒನೇಕಾ.

ಪರೀಕ್ಷಾ ತಾಣಗಳು: ಹೊಸ ಕಂಪನಿಯೊಂದು ತನ್ನ ಯಂತ್ರವನ್ನು ಕಡಲಿಗಿಳಿಸಬೇಕಾದರೆ ಅನುಮತಿ, ಕೇಬಲ್, ಪರಿಸರ ಅಧ್ಯಯನಗಳಲ್ಲೇ ಹಣ ಕರಗಿ ಹೋಗುತ್ತಿತ್ತು. ಇವನ್ನೆಲ್ಲ ಮೊದಲೇ ಮುಗಿಸಿಟ್ಟ ಸಾರ್ವಜನಿಕ ತಾಣ ಬೇಕೆಂಬ ಯೋಚನೆಯಿಂದ ಬಂದದ್ದು ಒರೆಗಾನ್ ರಾಜ್ಯ ವಿಶ್ವವಿದ್ಯಾನಿಲಯದ ‘ಪ್ಯಾಕ್‌ವೇವ್ ಸೌತ್’. ನ್ಯೂಪೋರ್ಟ್ ಊರಿನ ಬಳಿ ತೀರದಿಂದ ಸುಮಾರು 11 ಕಿಲೋಮೀಟರ್ ದೂರದಲ್ಲಿರುವ ಇಲ್ಲಿ ನಾಲ್ಕು ಬರ್ತ್‌ಗಳಿವೆ, ಒಟ್ಟು 20 ಮೆಗಾವಾಟ್‌ವರೆಗಿನ ಯಂತ್ರಗಳನ್ನು ಗ್ರಿಡ್‌ಗೆ ಜೋಡಿಸಬಹುದು. ಜಾಗದ ಆಯ್ಕೆಯಲ್ಲಿ ಸ್ಥಳೀಯ ಮೀನುಗಾರರೂ ಕೂತು ಮಾತಾಡಿದ್ದರು. ಇಂಧನ ಇಲಾಖೆ 2016ರಲ್ಲಿ ಈ ತಾಣವನ್ನು ಆರಿಸಿತು. ಕಡಲ ಗುತ್ತಿಗೆ ಮತ್ತು ಪರವಾನಗಿ ಕೈಸೇರಿದ್ದು 2021ರಲ್ಲಿ. ಪರೀಕ್ಷಾ ತಾಣಕ್ಕೇ ಇಷ್ಟು ವರ್ಷ ಹಿಡಿಯಿತೆಂಬುದು ಅದರ ಅಗತ್ಯವನ್ನೂ ತೋರಿಸುತ್ತದೆ. ಹವಾಯಿಯ ಓಆಹು ದ್ವೀಪದಲ್ಲಿ ಕನೆಓಹೆ ಸೇನಾನೆಲೆಯ ಬಳಿ ನೌಕಾಪಡೆಯ ಅಲೆ ಪರೀಕ್ಷಾ ತಾಣವಿದೆ. 2015ರಲ್ಲಿ ಅಜೂರಾ ಎಂಬ ಯಂತ್ರ ಅಲ್ಲಿಂದ ಗ್ರಿಡ್‌ಗೆ ವಿದ್ಯುತ್ ಹರಿಸಿತು. ಇವಲ್ಲದೆ ಪೆಸಿಫಿಕ್, ಹವಾಯಿ, ಆಗ್ನೇಯ ಮತ್ತು ಅಟ್ಲಾಂಟಿಕ್ ಎಂಬ ನಾಲ್ಕು ರಾಷ್ಟ್ರೀಯ ಸಾಗರ ಶಕ್ತಿ ಕೇಂದ್ರಗಳು ವಿಶ್ವವಿದ್ಯಾನಿಲಯಗಳಲ್ಲಿ ನಡೆಯುತ್ತಿವೆ.

ಉಬ್ಬರವಿಳಿತ ಮತ್ತು ನದಿ: ಮೇನ್ ರಾಜ್ಯದ ಕಾಬ್ಸ್‌ಕುಕ್ ಕೊಲ್ಲಿಯಲ್ಲಿ 2012ರಲ್ಲಿ ಓಶನ್ ರಿನ್ಯೂಯಬಲ್ ಪವರ್ ಕಂಪನಿ ಇಳಿಸಿದ ಉಬ್ಬರವಿಳಿತ ಯಂತ್ರ ಗ್ರಿಡ್‌ಗೆ ವಿದ್ಯುತ್ ಕೊಟ್ಟಿತು. ನ್ಯೂಯಾರ್ಕಿನ ಈಸ್ಟ್ ರಿವರ್‌ನಲ್ಲಿ ವರ್ಡಂಟ್ ಪವರ್ 2020ರಲ್ಲಿ ತ್ರಿಕೋನ ಚೌಕಟ್ಟಿನ ಮೇಲೆ ಮೂರು ಟರ್ಬೈನ್ ನಿಲ್ಲಿಸಿತು. ಹೆಚ್ಚು ಕಾಲ ಬಾಳಿದ್ದು ಅಲಾಸ್ಕದ ಇಗಿಯುಗಿಗ್ ಹಳ್ಳಿಯ ಯಂತ್ರ. ಎಪ್ಪತ್ತು ಮಂದಿಯಷ್ಟೇ ಇರುವ ಈ ಮೂಲನಿವಾಸಿ ಹಳ್ಳಿಗೆ ರಸ್ತೆಯ ಸಂಪರ್ಕವಿಲ್ಲ. ಜನರೇಟರಿನ ಡೀಸೆಲ್ ದುಬಾರಿ ಸಾಗಣೆಯಲ್ಲಿ ಬರಬೇಕು. ಊರ ಮುಂದೆ ಹರಿಯುವ ಕ್ವಿಚಾಕ್ ನದಿಗೆ 2019ರಲ್ಲಿ ‘ರಿವ್‌ಜೆನ್’ ಎಂಬ, ಕಟ್ಟೆಯ ಹಂಗಿಲ್ಲದ ಯಂತ್ರ ಇಳಿಯಿತು. ಪರವಾನಗಿ ಪಡೆದದ್ದು ಹಳ್ಳಿಯ ಆಡಳಿತ ಮಂಡಳಿಯೇ. ಅದೇ ನದಿ ಸಾಕ್‌ಐ ಸಾಲ್ಮನ್‌ಗಳ ದಾರಿಯೂ ಆದ್ದರಿಂದ ನೀರೊಳಗಿನ ಕ್ಯಾಮೆರಾಗಳಿಂದ ಮೀನಿನ ಚಲನೆಯನ್ನು ಗಮನಿಸಲಾಯಿತು. ನೀರು ಹೆಪ್ಪುಗಟ್ಟುವ ಚಳಿಗಾಲವನ್ನೂ ಯಂತ್ರ ದಾಟಿತು.

ಕಡಲಲ್ಲೇ ಬಳಕೆ: ಗ್ರಿಡ್‌ನಲ್ಲಿ ಸೌರ, ಪವನ ವಿದ್ಯುತ್ತಿನೊಂದಿಗೆ ಬೆಲೆಯ ಪೈಪೋಟಿ ಕಷ್ಟವೆಂದು ಅರಿತ ಕಚೇರಿ 2019ರಲ್ಲಿ ‘ಪವರಿಂಗ್ ದ ಬ್ಲೂ ಇಕಾನಮಿ’ ವರದಿ ಪ್ರಕಟಿಸಿತು. ಕಡಲ ವೀಕ್ಷಣಾ ಉಪಕರಣಗಳು, ನೀರೊಳಗಿನ ಸ್ವಯಂಚಾಲಿತ ವಾಹನಗಳ ಚಾರ್ಜಿಂಗ್, ಜಲಕೃಷಿ, ಉಪ್ಪುನೀರಿನ ಶುದ್ಧೀಕರಣ, ದೂರದ ದ್ವೀಪಗಳು ಹೀಗೆ ಗ್ರಿಡ್ ತಲುಪದ ಕಡೆಗಳನ್ನು ಅದು ಮೊದಲ ಮಾರುಕಟ್ಟೆಯೆಂದು ಗುರುತಿಸಿತು. ಅಲ್ಲಿ ಎದುರಾಳಿ ಅಗ್ಗದ ಸೌರ ವಿದ್ಯುತ್ತಲ್ಲ, ಹಡಗಿನಲ್ಲಿ ಹೋಗಿ ಬದಲಿಸಬೇಕಾದ ಬ್ಯಾಟರಿ.

ಹಣಕಾಸು

2023ರ ಅನುದಾನದಲ್ಲಿ ಸಾಗರ ಶಕ್ತಿಗೆ 12 ಕೋಟಿ ಡಾಲರ್, ಜಲವಿದ್ಯುತ್ತಿಗೆ ಅದರ ಅರ್ಧದಷ್ಟು ಮೀಸಲಾಯಿತು. ವಿದ್ಯುತ್ ಕೊಡುತ್ತಿರುವ ತಂತ್ರಜ್ಞಾನಕ್ಕಿಂತ ಇನ್ನೂ ಕೊಡದ ತಂತ್ರಜ್ಞಾನಕ್ಕೆ ಹೆಚ್ಚು ಹಣ ಹೋಗುವುದು, ಇದು ಸಂಶೋಧನೆಯ ಕಚೇರಿಯೆಂಬುದನ್ನು ಸ್ಪಷ್ಟಪಡಿಸುತ್ತದೆ. 2021ರ ಮೂಲಸೌಕರ್ಯ ಕಾಯ್ದೆ ಜಲ ಹಾಗೂ ಸಾಗರ ಶಕ್ತಿಯ ಸಂಶೋಧನೆಗೆ ಸುಮಾರು 14.6 ಕೋಟಿ ಡಾಲರ್ ಹೆಚ್ಚುವರಿ ನೀಡಿತು. ಹಳೆಯ ಸ್ಥಾವರಗಳ ದಕ್ಷತೆ, ಅಣೆಕಟ್ಟು ಸುರಕ್ಷತೆ ಮತ್ತು ಪರಿಸರ ಸುಧಾರಣೆಗೆಂದು ಅದೇ ಕಾಯ್ದೆ ಕೊಟ್ಟ 75 ಕೋಟಿ ಡಾಲರ್ ಪ್ರೋತ್ಸಾಹಧನವನ್ನು ಹಂಚುವ ಹೊಣೆ ಇಲಾಖೆಯ ಗ್ರಿಡ್ ಡಿಪ್ಲಾಯ್‌ಮೆಂಟ್ ಕಚೇರಿಗೆ ಸೇರಿತು.

ವಿವಾದಗಳು ಮತ್ತು ಮಿತಿಗಳು

ಅಮೆರಿಕದಲ್ಲಿ ಅಣೆಕಟ್ಟು ಇಂದಿಗೂ ವಿವಾದದ ವಸ್ತು. ಕ್ಲಾಮತ್ ನದಿಯ ನಾಲ್ಕು ಜಲವಿದ್ಯುತ್ ಅಣೆಕಟ್ಟುಗಳನ್ನು 2023–24ರಲ್ಲಿ ಕೆಡವಲಾಯಿತು. ಸಾಲ್ಮನ್ ಮೀನನ್ನೇ ನೆಚ್ಚಿದ ಮೂಲನಿವಾಸಿ ಸಮುದಾಯಗಳು ಅದಕ್ಕಾಗಿ ದಶಕಗಳ ಕಾಲ ಹೋರಾಡಿದ್ದವು. 2020ರ ಅಕ್ಟೋಬರಿನಲ್ಲಿ ಜಲವಿದ್ಯುತ್ ಉದ್ಯಮ ಮತ್ತು ನದಿ ಸಂರಕ್ಷಣಾ ಸಂಘಟನೆಗಳು ಜಂಟಿ ಹೇಳಿಕೆ ಹೊರಡಿಸಿ, ಕೆಲವು ಕಟ್ಟೆಗಳನ್ನು ದುರಸ್ತಿ ಮಾಡಬೇಕು, ಕೆಲವಕ್ಕೆ ವಿದ್ಯುತ್ ಯಂತ್ರ ಸೇರಿಸಬೇಕು, ಕೆಲವನ್ನು ತೆಗೆಯಬೇಕು ಎಂಬಲ್ಲಿ ಒಮ್ಮತಕ್ಕೆ ಬಂದವು. ಕಚೇರಿಯ ಮೀನು ಸಂಶೋಧನೆ ಮೊದಲೆರಡಕ್ಕೆ ನೆರವಾಗುತ್ತದೆ. ಯಾವ ಕಟ್ಟೆ ಉಳಿಯಬೇಕು ಎಂಬ ತೀರ್ಮಾನ ಅದರ ವ್ಯಾಪ್ತಿಗೆ ಬರುವುದಿಲ್ಲ.

ಸಾಗರ ಶಕ್ತಿಯಲ್ಲಿ ಮುಖ್ಯ ಆಕ್ಷೇಪ ವೆಚ್ಚದ್ದು. ವಾಷಿಂಗ್ಟನ್ ರಾಜ್ಯದ ಸ್ನೋಹೊಮಿಷ್ ಕೌಂಟಿಯ ವಿದ್ಯುತ್ ಮಂಡಳಿ ಅಡ್ಮಿರಾಲ್ಟಿ ಇನ್‌ಲೆಟ್‌ನಲ್ಲಿ ಎರಡು ಉಬ್ಬರವಿಳಿತ ಟರ್ಬೈನ್ ಇಳಿಸಲು ವರ್ಷಗಟ್ಟಲೆ ತಯಾರಿ ನಡೆಸಿ ಪರವಾನಗಿಯನ್ನೂ ಪಡೆದಿತ್ತು. ಅಂದಾಜು ವೆಚ್ಚ ಏರಿದಾಗ ಇಂಧನ ಇಲಾಖೆ ಹೆಚ್ಚುವರಿ ಪಾಲು ಹೊರಲು ಒಪ್ಪದೆ, 2014ರಲ್ಲಿ ಯೋಜನೆ ಕೈಬಿಟ್ಟುಹೋಯಿತು. ಸರ್ಕಾರಿ ಅನುದಾನ ಮೊದಲ ಯಂತ್ರದವರೆಗೆ ಕರೆದೊಯ್ಯಬಲ್ಲದು. ಎರಡನೆಯ, ಮೂರನೆಯ ಯಂತ್ರಕ್ಕೆ ಖಾಸಗಿ ಬಂಡವಾಳ ಬಾರದಿದ್ದರೆ ತಂತ್ರಜ್ಞಾನ ಪ್ರಾತ್ಯಕ್ಷಿಕೆಯ ಹಂತದಲ್ಲೇ ಉಳಿಯುತ್ತದೆ. ಹಾಗೆ ನಿಂತುಹೋದ ಯೋಜನೆಗಳ ಅನುಭವವೂ ಕಳೆದುಹೋಗದಂತೆ ನೋಡಿಕೊಳ್ಳಲು ಕಚೇರಿ ದತ್ತಾಂಶ ಭಂಡಾರಗಳನ್ನು ಪೋಷಿಸಿದೆ. ಅವುಗಳಲ್ಲಿ ‘ಟೆಥಿಸ್’ ಪ್ರಮುಖ. ಯಂತ್ರಗಳಿಂದ ಮೀನು, ತಿಮಿಂಗಿಲ, ಕಡಲತಳಕ್ಕೆ ಆಗುವ ಪರಿಣಾಮಗಳ ಅಧ್ಯಯನಗಳನ್ನು ಅದು ಯಾವ ದೇಶದವರಿಗಾದರೂ ತೆರೆದಿಟ್ಟಿದೆ.

ಭಾರತದೊಂದಿಗೆ ಹೋಲಿಕೆ

ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯಡಿಯ ಸಾಗರ ಶಕ್ತಿ ಒಕ್ಕೂಟದಲ್ಲಿ ಅಮೆರಿಕ, ಭಾರತ ಎರಡೂ ಸದಸ್ಯ ರಾಷ್ಟ್ರಗಳು; ಭಾರತದ ಪರವಾಗಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಭಾಗವಹಿಸುತ್ತದೆ. ನದಿ ಮತ್ತು ಕಡಲನ್ನು ಒಂದೇ ಕಚೇರಿಯಡಿ ತರುವ ವ್ಯವಸ್ಥೆ ಭಾರತದಲ್ಲಿಲ್ಲ. ದೊಡ್ಡ ಜಲವಿದ್ಯುತ್ ಯೋಜನೆಗಳು ವಿದ್ಯುತ್ ಸಚಿವಾಲಯದ ಹೊಣೆ. 25 ಮೆಗಾವಾಟ್‌ವರೆಗಿನ ಕಿರು ಯೋಜನೆಗಳು ನವೀಕರಿಸಬಹುದಾದ ಇಂಧನ ಸಚಿವಾಲಯದವು. ಕಡಲ ಸಂಶೋಧನೆಯ ಬಹುಪಾಲು ಭೂವಿಜ್ಞಾನ ಸಚಿವಾಲಯದ ಸಂಸ್ಥೆಯಲ್ಲಿ ನಡೆಯುತ್ತದೆ. ಕೇರಳದ ವಿಳಿಂಞಂನಲ್ಲಿ 1991ರಲ್ಲೇ 150 ಕಿಲೋವಾಟ್‌ನ ಅಲೆಸ್ಥಾವರ ಕೆಲಸ ಮಾಡಿತ್ತು. ಸಾಗರ ಶಕ್ತಿಯನ್ನು ನವೀಕರಿಸಬಹುದಾದ ಇಂಧನವೆಂದು ಕೇಂದ್ರ ಸರ್ಕಾರ ಘೋಷಿಸಿದ್ದು 2019ರಲ್ಲಿ. ಎರಡರ ನಡುವಿನ ದೀರ್ಘ ಅಂತರದಲ್ಲಿ ಭಾರತದ ಪ್ರಯೋಗಗಳು ಬಿಡಿಬಿಡಿಯಾಗಿ ನಡೆದವು. ಒಂದು ಪ್ರಯೋಗ ಮುಗಿದ ಮೇಲೆ ಅದರ ಅನುಭವವನ್ನು ಮುಂದಿನದಕ್ಕೆ ದಾಟಿಸುವ ಕಾಯಂ ವ್ಯವಸ್ಥೆ ಅಮೆರಿಕದ ಕಚೇರಿಯ ಮುಖ್ಯ ಕೊಡುಗೆ. ಮೆಗಾವಾಟ್‌ಗಳ ಲೆಕ್ಕದಲ್ಲಿ ಮಾತ್ರ ನೋಡಿದರೆ ಇದು ಕಾಣಿಸುವುದಿಲ್ಲ.